ಮೊಲ ಕೈಜಾರಿ ಬಿದ್ದಾಗ

ಕೆಲವು ತಿಂಗಳ ಹಿಂದಿನ ಮಾತು. ಸಂಜೆಯ ಹೊತ್ತಿಗೆ ರಾಯಬಾಗ ಕಡೆಯ ರೈತರೊಬ್ಬರು ತಮ್ಮ ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ನನ್ನ ಚಿಕಿತ್ಸಾಲಯಕ್ಕೆ ಬಂದರು. ಹುಡುಗಿಯ ಎರಡೂ ಮುಂಗೈಗಳ ಮೇಲೆ ಉದ್ದುದ್ದನೆಯ ಗೀರುಗಾಯಗಳಿದ್ದವು. ಮನೆಯಲ್ಲಿ ಸಾಕಿದ ಮೊಲ ಪರಚಿತ್ತು. ತಂದೆಯದು ಒಂದೇ ಪ್ರಶ್ನೆ: 'ಇದಕ್ಕ ಟಿಟಿ ಇಂಜೆಕ್ಷನ್ ಸಾಕೋ, ನಾಯಿ ಕಡಿದರ ಕೊಡೋದೂ ಬೇಕೋ?' ಹುಡುಗಿಯ ಪ್ರಶ್ನೆ ಬೇರೆಯೇ ಇತ್ತು. ಗಾಯ ತೊಳೆಯುವಾಗಲೂ ಅಳದಿದ್ದ ಆಕೆ ಮೆಲ್ಲಗೆ ಕೇಳಿದಳು: 'ಡಾಕ್ಟರ್ರ, ನಮ್ಮ ಮಲದ ಹಿಂದಿನ ಕಾಲು ಯಾಕ ಅಳ್ಳಾಡವಲ್ವು?'

ಮೊಲ ಹೊರಗೆ ನಿಲ್ಲಿಸಿದ ಬೈಕಿನ ಹ್ಯಾಂಡಲ್‌ಗೆ ತೂಗುಹಾಕಿದ ಕೈಚೀಲದಲ್ಲಿತ್ತು!

ನಡೆದದ್ದು ಇಷ್ಟು. ಹುಡುಗಿ ಮೊಲವನ್ನು ಎತ್ತಿಕೊಂಡು ಅಂಗಳದಲ್ಲಿ ನಿಂತಿದ್ದಾಗ ಬೀದಿನಾಯಿಯೊಂದು ಬೊಗಳಿತು. ಬೆದರಿದ ಮೊಲ ಹಿಂಗಾಲುಗಳಿಂದ ಝಾಡಿಸಿ ಒದ್ದು, ಮೈ ತಿರುಚಿ, ಹುಡುಗಿಯ ಸೊಂಟದೆತ್ತರದಿಂದ ಫರಸಿಕಲ್ಲಿನ ಮೇಲೆ ಬಿತ್ತು. ಮನೆಯವರು ಓಡಿಬಂದರು. ಒಬ್ಬರು ಕಿವಿ ಹಿಡಿದು ಮೇಲೆತ್ತಿದರು. ಇನ್ನೊಬ್ಬರು ಬೆನ್ನಿಗೆ ಎಣ್ಣೆ ಹಚ್ಚಿ ತಿಕ್ಕಿದರು. ಮತ್ತೊಬ್ಬರು ನಾಲ್ಕು ಕಾಲಿನ ಮೇಲೆ ನಿಲ್ಲಿಸಿ ನಡೆಸಿ ನೋಡಿದರು. ಕೊನೆಗೆ ಚೀಲಕ್ಕೆ ಹಾಕಿ ಹತ್ತು ಹನ್ನೆರಡು ಕಿಲೋಮೀಟರ್ ದೂರ ತಂದರು. ಎಲ್ಲರದೂ ಒಳ್ಳೆಯ ಮನಸ್ಸೇ. ಆದರೆ ಬಿದ್ದ ಕ್ಷಣದಲ್ಲಿ ಆ ಪ್ರಾಣಿಯ ಬೆನ್ನಿಗೆ ಆದ ಪೆಟ್ಟು ಎಷ್ಟೋ, ಆ ಮುಂದಿನ ಒಂದು ಗಂಟೆಯಲ್ಲಿ ನಮ್ಮ ಕೈಯಿಂದ ಆದದ್ದು ಎಷ್ಟೋ ಹೇಳುವವರು ಯಾರು?

ನಾನು ಪಶುವೈದ್ಯನಲ್ಲ. ಮೊಲವನ್ನು ಒಂದು ಗಟ್ಟಿ ರಟ್ಟಿನ ಮೇಲೆ ಮಲಗಿಸಿಕೊಟ್ಟು ಪಶು ಆಸ್ಪತ್ರೆಗೆ ಕಳಿಸಿದೆ. ಆದರೆ ಬಿದ್ದವರನ್ನು ತಪ್ಪಾಗಿ ಎತ್ತಿ ತರುವುದರ ಪರಿಣಾಮವನ್ನು ಮನುಷ್ಯರಲ್ಲಿ ಅನೇಕ ಬಾರಿ ಕಂಡವನು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಮನೆಗಳಲ್ಲಿ ಮಕ್ಕಳ ಹಟಕ್ಕಾಗಿ ಬಿಳಿ ಮೊಲಗಳನ್ನು ಸಾಕುವುದು ಈಗ ಹೊಸದಲ್ಲ. ಆದ್ದರಿಂದ ಈ ವಾರ ಇದೇ ವಿಷಯವನ್ನು ಎತ್ತಿಕೊಂಡಿದ್ದೇನೆ. ಈ ಮಾತುಗಳು ಮೊಲ ಇಲ್ಲದ ಮನೆಗೂ ಉಪಯೋಗಕ್ಕೆ ಬರುತ್ತವೆ.

ಮೊಲದ ಬೆನ್ನು ಏಕೆ ಮುರಿಯುತ್ತದೆ?

ಮೊಲ ಬೇಟೆಗೆ ಸಿಗುವ ಪ್ರಾಣಿ. ಓಡಿ ತಪ್ಪಿಸಿಕೊಳ್ಳುವುದೇ ಅದರ ರಕ್ಷಣೆ. ಅದಕ್ಕಾಗಿ ಪ್ರಕೃತಿ ಅದಕ್ಕೆ ಹಗುರವಾದ ಎಲುಬುಗಳನ್ನೂ ಬಲವಾದ ಹಿಂಗಾಲಿನ ಸ್ನಾಯುಗಳನ್ನೂ ಕೊಟ್ಟಿದೆ. ಬೆಕ್ಕಿನ ಅಸ್ಥಿಪಂಜರ ಅದರ ದೇಹತೂಕದ ನೂರರಲ್ಲಿ 12-13 ಭಾಗದಷ್ಟಿದ್ದರೆ ಮೊಲದ್ದು 7-8 ಭಾಗ ಮಾತ್ರ. ಚಕ್ಕಡಿಗೆ ಟ್ರ್ಯಾಕ್ಟರಿನ ಎಂಜಿನ್ ಕೂಡಿಸಿದಂತೆ ಎಂದುಕೊಳ್ಳಿ. ಹಿಂಭಾಗಕ್ಕೆ ಆಧಾರವಿಲ್ಲದೆ ಎತ್ತಿದಾಗ ಮೊಲ ಜೋರಾಗಿ ಒದೆಯುತ್ತದೆ. ಒದೆತದ ಆ ಶಕ್ತಿ ಸೊಂಟದ ಕೆಳಭಾಗದ ಕಶೇರುಗಳ ಮೇಲೆ ಬಿದ್ದು ಅವು ಮುರಿಯಬಹುದು, ಇಲ್ಲವೇ ಜಾರಬಹುದು. ಇದಕ್ಕೆ ನೆಲಕ್ಕೆ ಬೀಳಲೇಬೇಕೆಂದಿಲ್ಲ. ನಿಮ್ಮ ಕೈಯಲ್ಲಿದ್ದಾಗಲೇ, ಗೂಡಿನಲ್ಲಿ ಬೆದರಿ ನೆಗೆದಾಗಲೂ ಹೀಗಾಗುವುದುಂಟು.

ಬೆನ್ನುಹುರಿ ಈ ಕಶೇರುಗಳ ನಡುವಿನ ಕೊಳವೆಯಲ್ಲಿ ಹಾದುಹೋಗುತ್ತದೆ. ಎಲುಬು ಸರಿದು ಹುರಿಯನ್ನು ಒತ್ತಿದರೆ ಹಿಂಗಾಲುಗಳ ಶಕ್ತಿ ಹೋಗುತ್ತದೆ. ಮೂತ್ರ, ಹಿಕ್ಕೆಗಳ ಮೇಲಿನ ಹಿಡಿತ ತಪ್ಪುತ್ತದೆ. ಹುರಿ ಬರೀ ಜಜ್ಜಿ ಊದಿಕೊಂಡಿದ್ದರೆ ಪೂರ್ಣ ವಿಶ್ರಾಂತಿ ಮತ್ತು ಚಿಕಿತ್ಸೆಯಿಂದ ವಾರಗಳ ನಂತರ ಸುಧಾರಣೆ ಕಾಣಬಹುದು. ಹುರಿ ಹರಿದಿದ್ದರೆ ಆಸೆ ಕಡಿಮೆ. ಜಜ್ಜಿದ ಹುರಿಯನ್ನು ಹರಿಯುವ ಹಂತಕ್ಕೆ ಒಯ್ಯುವುದು ಅನೇಕ ಸಲ ಎರಡನೆಯ ಪೆಟ್ಟು. ಅಂದರೆ ಬಿದ್ದ ಮೇಲೆ ನಾವು ಎಳೆದು, ಬಾಗಿಸಿ, ಕುಲುಕಿಸಿ ಕೊಡುವ ಪೆಟ್ಟು.

ಎತ್ತುವ ಸರಿಯಾದ ಕ್ರಮ

ಮೊಲದ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ಸುತ್ತಲೂ ಕಾಣುವ ಅದಕ್ಕೆ ತನ್ನ ಮೂಗಿನ ನೇರ ಮುಂದಿರುವುದು ಕಾಣುವುದಿಲ್ಲ. ಮೇಲಿನಿಂದ ಇಳಿಯುವ ಕೈ ಅದಕ್ಕೆ ಹದ್ದಿನಂತೆ ತೋರುತ್ತದೆ. ಆದ್ದರಿಂದ ಮೊದಲು ನೀವು ನೆಲದ ಮೇಲೆ ಕುಳಿತುಕೊಳ್ಳಿ. ಪಕ್ಕದಿಂದ ಕೈ ಚಾಚಿ ಹಣೆ, ಕೆನ್ನೆ ಸವರಿ. ಅದು ಸಮಾಧಾನವಾದ ಮೇಲೆ ಒಂದು ಅಂಗೈಯನ್ನು ಮುಂಗಾಲುಗಳ ಹಿಂದೆ ಎದೆಯ ಕೆಳಗೆ ಇಡಿ. ಇನ್ನೊಂದು ಅಂಗೈಯಿಂದ ಪೃಷ್ಠಭಾಗವನ್ನು ಪೂರ್ತಿ ಹೊತ್ತುಕೊಳ್ಳಿ. ಎರಡೂ ಕೈಗಳನ್ನು ಒಟ್ಟಿಗೇ ಎತ್ತಿ ಮೊಲದ ಪಕ್ಕೆ ನಿಮ್ಮ ಎದೆಗೆ ಒರಗುವಂತೆ ಹಿಡಿಯಿರಿ. ಅದರ ಹಿಂಗಾಲುಗಳು ಗಾಳಿಯಲ್ಲಿ ಜೋತಾಡಬಾರದು. ತಲೆಯನ್ನು ನಿಮ್ಮ ಮೊಣಕೈ ಸಂದಿಯಲ್ಲಿ ಮರೆಮಾಡಿದರೆ ಬೆದರುವುದು ಕಡಿಮೆ.

ಒದ್ದಾಡತೊಡಗಿದರೆ ಏನು ಮಾಡಬೇಕು? ಬಿಗಿಯಾಗಿ ಅಮುಕಬೇಡಿ. ಹೆದರಿ ಕೈಬಿಡಲೂಬೇಡಿ. ಎದೆಗೆ ಒತ್ತಿ ಹಿಡಿದುಕೊಂಡೇ ಮೊಣಕಾಲೂರಿ ಕುಳಿತುಬಿಡಿ. ನೆಲ ಹತ್ತಿರವಾದಷ್ಟೂ ಅಪಾಯ ದೂರ. ಕೆಳಗಿಡುವಾಗ ಹಿಂಗಾಲುಗಳು ಮೊದಲು ನೆಲ ಮುಟ್ಟಲಿ. ಗೂಡಿಗೆ ಬಿಡುವಾಗ ಹಿಂಭಾಗ ಮೊದಲು ಒಳಹೋಗಲಿ. ಮುಖ ಒಳಗೆ ಮಾಡಿ ಬಿಟ್ಟರೆ ಅದು ನಿಮ್ಮ ಕೈಯನ್ನೇ ಒದ್ದು ಜಿಗಿಯುತ್ತದೆ.

ಕಿವಿ ಹಿಡಿದು ಎತ್ತುವುದು ನಮ್ಮಲ್ಲಿ ತಲೆತಲಾಂತರದಿಂದ ಬಂದ ರೂಢಿ. ಚಿತ್ರಗಳಲ್ಲೂ ಜಾದೂಗಾರರ ಆಟದಲ್ಲೂ ಹಾಗೆಯೇ ತೋರಿಸುತ್ತಾರೆ. ಇದು ತಪ್ಪು. ಕಿವಿ ಹಿಡಿಕೆಯಲ್ಲ, ರಕ್ತನಾಳಗಳಿಂದ ತುಂಬಿದ, ಮೈಯ ಬಿಸಿ ಹೊರಹಾಕುವ ಸೂಕ್ಷ್ಮ ಅಂಗ. ಕತ್ತಿನ ತೊಗಲು, ಹೊಟ್ಟೆ, ಹಿಂಗಾಲು ಹಿಡಿದೆತ್ತುವುದೂ ಕೂಡದು. ಅಂಗಾತ ಮಲಗಿಸಿದಾಗ ಮೊಲ ಅಲುಗಾಡದೆ ಬೀಳುತ್ತದೆ. 'ನೋಡ್ರಿ, ನಿದ್ದಿ ಹತ್ತೇತಿ' ಎಂದು ಮಕ್ಕಳು ನಗುತ್ತಾರೆ. ಅದು ನಿದ್ದೆಯಲ್ಲ, ಭಯದಿಂದ ಮರಗಟ್ಟಿದ ಸ್ಥಿತಿ. ಎಚ್ಚರಗೊಂಡ ಕ್ಷಣದಲ್ಲಿ ಅದು ತಿರುಚಿ ನೆಗೆಯುತ್ತದೆ.

ಎಂಟು ವರ್ಷದೊಳಗಿನ ಮಕ್ಕಳು ಮೊಲವನ್ನು ಎತ್ತಲೇಬಾರದು ಎಂಬ ನಿಯಮ ಮನೆಯಲ್ಲಿರಲಿ. ಅವರು ಚಾಪೆಯ ಮೇಲೆ ಕೂಡಲಿ, ಮೊಲ ತಾನಾಗಿ ತೊಡೆಗೆ ಬರಲಿ. ದೊಡ್ಡ ಮಕ್ಕಳೂ ಹಿರಿಯರು ಎದುರಿಗಿದ್ದಾಗ, ಕುಳಿತುಕೊಂಡೇ ಎತ್ತಲಿ. ಎತ್ತಿಕೊಂಡು ಮೆಟ್ಟಿಲು ಹತ್ತುವುದು, ಮಾಳಿಗೆಗೆ ಹೋಗುವುದು, ಬೈಕ್ ಮೇಲೆ ಕೂಡುವುದು ಬೇಡ. ಇಲ್ಲಿ ಮೊಲವಷ್ಟೇ ಅಲ್ಲ, ಕೈಯಲ್ಲಿ ಅದು ಒದ್ದಾಡುವಾಗ ಆಯ ತಪ್ಪಿ ಮಗುವೂ ಬೀಳುತ್ತದೆ. ಇತ್ತೀಚಿನ ಮನೆಗಳ ನುಣುಪು ಟೈಲ್ಸ್ ಮತ್ತು ಗ್ರಾನೈಟ್ ನೆಲದ ಮೇಲೆ ಮೊಲದ ಕಾಲು ಜಾರುತ್ತವೆ. ಅದು ಓಡಾಡುವಲ್ಲಿ ಗೋಣಿತಾಟು ಅಥವಾ ಚಾಪೆ ಹಾಸಿರಿ. ಉಗುರು ಬೆಳೆದಿದ್ದರೆ ಪಶುವೈದ್ಯರಿಂದ ಕತ್ತರಿಸುವುದನ್ನು ಕಲಿತುಕೊಳ್ಳಿ.

ಬಿದ್ದ ಮೇಲೆ ಮೊದಲ ಹತ್ತು ನಿಮಿಷ

1. ಅಟ್ಟಿಸಿಕೊಂಡು ಹೋಗಬೇಡಿ. ಬಾಗಿಲು ಹಾಕಿ. ನಾಯಿ, ಬೆಕ್ಕು, ಗದ್ದಲ ಮಾಡುವ ಮಕ್ಕಳನ್ನು ಹೊರಗೆ ಕಳಿಸಿ. ಒಂದು ನಿಮಿಷ ದೂರದಿಂದಲೇ ನೋಡಿ.

2. ಮೊಲ ತಾನೇ ನೆಗೆದಾಡುತ್ತಿದ್ದರೆ ಎತ್ತದೆ, ಅಡ್ಡಲಾಗಿ ಇಟ್ಟ ರಟ್ಟಿನ ಪೆಟ್ಟಿಗೆಯೊಳಕ್ಕೆ ತಾನಾಗಿ ಹೋಗುವಂತೆ ಮಾಡಿ.

3. ಹಿಂಗಾಲು ಎಳೆಯುತ್ತಿದ್ದರೆ, ಒಂದೇ ಮಗ್ಗುಲಿಗೆ ಬಿದ್ದಿದ್ದರೆ ಬೆನ್ನಿಗೆ ಪೆಟ್ಟಾಗಿದೆ ಎಂದೇ ತಿಳಿಯಿರಿ. ಗಟ್ಟಿ ರಟ್ಟು, ಅಗಲ ತಟ್ಟೆ ಅಥವಾ ತೆಳು ಹಲಗೆಯನ್ನು ಪಕ್ಕಕ್ಕಿಟ್ಟು, ತಲೆಯಿಂದ ಸೊಂಟದವರೆಗೆ ಮೈಯನ್ನು ಒಂದೇ ಸಾಲಿನಲ್ಲಿ ಇರುವಂತೆ ಅದರ ಮೇಲೆ ನಿಧಾನವಾಗಿ ಸರಿಸಿ. ಎರಡೂ ಪಕ್ಕಕ್ಕೆ ಸುರುಳಿ ಸುತ್ತಿದ ಟವೆಲ್ ಇಟ್ಟರೆ ಹೊರಳುವುದಿಲ್ಲ. ಹಲಗೆಯ ಸಮೇತ ಗಾಳಿಯಾಡುವ ಪೆಟ್ಟಿಗೆಯಲ್ಲಿಟ್ಟು ಮೇಲೆ ತೆಳುಬಟ್ಟೆ ಹೊದಿಸಿ. ಕತ್ತಲಿದ್ದರೆ ಅದು ಶಾಂತವಾಗಿರುತ್ತದೆ.

4. ನಿಲ್ಲಿಸಿ ನೋಡುವುದು, ಕಾಲು ಎಳೆದು ನೋಡುವುದು, ಎಣ್ಣೆ ತಿಕ್ಕುವುದು, ಸುಣ್ಣ ಅರಿಸಿನ ಮೆತ್ತುವುದು, ದಬ್ಬೆ ಕಟ್ಟುವುದು ಬೇಡ.

5. ರಕ್ತ ಸೋರುತ್ತಿದ್ದರೆ ಶುಚಿಯಾದ ಬಟ್ಟೆಯಿಂದ ಐದು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಉಗುರು ಕಿತ್ತಿದ್ದರೆ ಚೂರು ಮೈದಾ ಹಿಟ್ಟು ಒತ್ತಿದರೂ ರಕ್ತ ನಿಲ್ಲುತ್ತದೆ.

6. ಮಂಕಾಗಿರುವ ಮೊಲದ ಬಾಯಿಗೆ ನೀರು, ಹಾಲು ಹುಯ್ಯಬೇಡಿ. ಅದು ಶ್ವಾಸಕೋಶ ಸೇರುತ್ತದೆ.

7. ಮನೆಯಲ್ಲಿ ಉಳಿದ ಮಾತ್ರೆಗಳನ್ನು ಕೊಡಲೇಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಮಕ್ಕಳಿಗೆ ನಾವು ದಿನವೂ ಬರೆದುಕೊಡುವ ಅಮಾಕ್ಸಿಸಿಲಿನ್, ಆಂಪಿಸಿಲಿನ್‌ನಂಥ ಔಷಧಗಳು ಮೊಲದ ಹೊಟ್ಟೆಗೆ ಹೋದರೆ ಅದರ ಕರುಳಿನ ಉಪಕಾರಿ ಜೀವಾಣುಗಳು ಸತ್ತು, ವಿಷಕಾರಿ ಜೀವಾಣುಗಳು ಹೆಚ್ಚಿ ಪ್ರಾಣವೇ ಹೋಗಬಹುದು. ನೋವಿನ ಮಾತ್ರೆಯನ್ನೂ ಪಶುವೈದ್ಯರೇ ನಿರ್ಧರಿಸಬೇಕು.

ಇಷ್ಟು ಮಾಡಿ ಪಶು ಆಸ್ಪತ್ರೆಗೆ ಒಯ್ಯಿರಿ. ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೂ ಕರೆ ಮಾಡಿ ಸಲಹೆ ಕೇಳಬಹುದು. ಬೈಕಿಗೆ ಚೀಲ ತೂಗುಹಾಕುವ ಬದಲು ಹಿಂದೆ ಕುಳಿತವರು ಪೆಟ್ಟಿಗೆಯನ್ನು ತೊಡೆಯ ಮೇಲೆ ಸಮನಾಗಿ ಇಟ್ಟುಕೊಳ್ಳಲಿ. ಅಥಣಿ, ರಾಯಬಾಗ ಕಡೆಯ ಬೇಸಿಗೆಯಲ್ಲಿ ಮೊಲಕ್ಕೆ ಬಿಸಿಲಿನದೇ ಒಂದು ಅಪಾಯ. 30 ಡಿಗ್ರಿ ದಾಟಿದರೆ ಅದು ಬಳಲುತ್ತದೆ. ಪೆಟ್ಟಿಗೆಯ ಹೊರಗೆ ಒದ್ದೆ ಬಟ್ಟೆ ಸುತ್ತಿ, ನೆರಳಿನಲ್ಲೇ ಒಯ್ಯಿರಿ. ಇಂಥ ಪೆಟ್ಟಿಗೆಯೊಂದನ್ನು ಮೊದಲೇ ಸಿದ್ಧವಾಗಿಡುವುದು ಒಳ್ಳೆಯದು. 2019 ಮತ್ತು 2021ರಲ್ಲಿ ಕೃಷ್ಣಾ, ದೂಧಗಂಗಾ ನದಿಗಳ ನೆರೆ ಕಂಡ ಊರಿನವರಿಗೆ, ಅವಸರದಲ್ಲಿ ಮನೆ ಬಿಡುವುದು ಎಂದರೇನೆಂದು ಬೇರೆ ಹೇಳಬೇಕಿಲ್ಲ.

ಬಿದ್ದ ಮೊಲ ಎದ್ದು ಓಡಾಡಿತೆಂದು ಮರೆತುಬಿಡಬೇಡಿ. 24 ಗಂಟೆ ಗಮನವಿಡಿ. ಹುಲ್ಲು ತಿನ್ನುತ್ತಿದೆಯೇ, ಹಿಕ್ಕೆ ಹಾಕುತ್ತಿದೆಯೇ, ಮೂತ್ರ ಹೋಗುತ್ತಿದೆಯೇ ನೋಡಿ. ನೋವಿನಲ್ಲಿರುವ ಮೊಲ ಕೂಗುವುದು ಅಪರೂಪ. ಮೂಲೆಯಲ್ಲಿ ಮುದುಡಿ ಕೂತು ಹಲ್ಲು ಕಡಿಯುತ್ತದೆ. ಮೊಲದ ಕರುಳು ಸದಾ ಚಲಿಸುತ್ತಿರಬೇಕು. ನೋವು, ಭಯಗಳಿಂದ ಆಹಾರ ಬಿಟ್ಟರೆ ಕರುಳಿನ ಚಲನೆ ನಿಂತು ಹೊಟ್ಟೆ ಉಬ್ಬುತ್ತದೆ. ಹತ್ತು ಹನ್ನೆರಡು ಗಂಟೆ ಏನೂ ತಿನ್ನದ ಮೊಲಕ್ಕೆ ಅದೇ ದಿನ ಚಿಕಿತ್ಸೆ ಬೇಕು.

ಪರಚಿದರೆ, ಕಚ್ಚಿದರೆ?

ಈಗ ನಮ್ಮ ಮಕ್ಕಳ ವಿಚಾರ. ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ ತೊಳೆಯಿರಿ. ನಮ್ಮ ಅಂದಾಜಿನ ಹದಿನೈದು ನಿಮಿಷ ಸಾಮಾನ್ಯವಾಗಿ ಎರಡೇ ನಿಮಿಷದ್ದಿರುತ್ತದೆ! ಬಳಿಕ ಪೊವಿಡೋನ್ ಅಯೋಡಿನ್ ಹಚ್ಚಿ. ಸುಣ್ಣ, ಕಾರದ ಪುಡಿ, ಕಾಫಿ ಪುಡಿ, ತಂಬಾಕಿನ ಪುಡಿ ಯಾವುದನ್ನೂ ಗಾಯಕ್ಕೆ ತುಂಬಬೇಡಿ. ಧನುರ್ವಾಯು ಲಸಿಕೆ ಯಾವಾಗ ಆಗಿದೆ ಎಂದು ತಾಯಿ ಕಾರ್ಡಿನಲ್ಲಿ ನೋಡಿ ವೈದ್ಯರಿಗೆ ತಿಳಿಸಿ. ಈಗ ಟಿಟಿ ಬದಲು ಧನುರ್ವಾಯು ಮತ್ತು ಗಂಟಲಮಾರಿ ಎರಡಕ್ಕೂ ಆಗುವ ಟಿಡಿ ಲಸಿಕೆ ಕೊಡುತ್ತಾರೆ.

ಮೊಲದ ಹಲ್ಲಿನ ಗಾಯ ಚಿಕ್ಕದು, ಆದರೆ ಆಳ. ಬೆರಳಿನ ಗಿಣ್ಣು ಅಥವಾ ಮುಖದ ಮೇಲೆ ಕಚ್ಚಿದ್ದರೆ, ಕೆಂಪು ಹರಡುತ್ತಿದ್ದರೆ, ಕೀವು ಜ್ವರ ಬಂದರೆ, ಗಾಯಗೊಂಡವರಿಗೆ ಸಕ್ಕರೆ ಕಾಯಿಲೆ ಇದ್ದರೆ ತಡಮಾಡದೆ ವೈದ್ಯರನ್ನು ಕಾಣಿರಿ. ಉಗುರು ಕಣ್ಣಿಗೆ ತಾಗಿದ್ದರೆ ಉಜ್ಜದೆ ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಿ.

ಹುಚ್ಚುನಾಯಿ ರೋಗದ ಭಯಕ್ಕೆ ಉತ್ತರ ಹೀಗಿದೆ. ಮನೆಯೊಳಗೇ ಬೆಳೆದ ಮೊಲದಿಂದ ರೇಬೀಸ್ ಬರುವುದು ತೀರಾ ಅಪರೂಪ. ಸಾಮಾನ್ಯವಾಗಿ ಲಸಿಕೆ ಬೇಕಾಗುವುದಿಲ್ಲ. ಆದರೆ ಆ ಮೊಲವನ್ನು ಇತ್ತೀಚೆಗೆ ನಾಯಿಯೋ ಕಾಡುಪ್ರಾಣಿಯೋ ಕಚ್ಚಿದ್ದರೆ ವೈದ್ಯರಿಗೆ ಅದನ್ನು ಹೇಳಬೇಕು. ನಿಜವಾದ ಅಪಾಯ ಬೇರೆ ಕಡೆ ಇದೆ. ಮೊಲಕ್ಕೆ ನಾಯಿ ಎರಗಿದಾಗ ಬಿಡಿಸಲು ಮಕ್ಕಳು ಕೈ ಹಾಕುತ್ತಾರೆ. ಆಗ ನಾಯಿಯ ಹಲ್ಲು ತಾಗಿ ಚರ್ಮ ತರಚಿದರೂ ಸಾಕು, ಅದನ್ನು ನಾಯಿ ಕಡಿತವೆಂದೇ ಎಣಿಸಬೇಕು. ಗಾಯ ತೊಳೆದು ಅದೇ ದಿನ ಲಸಿಕೆ ಆರಂಭಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. 'ಮೊಲ ಪರಚೇತಿ' ಎಂದು ಮಗು ಹೇಳಿದಾಗ ಅಲ್ಲಿ ನಾಯಿಯೂ ಇತ್ತೇ ಎಂದು ನೆನಪಿನಿಂದ ಕೇಳಿ.

ಮೊಲದ ಕೂದಲು ಅಲ್ಲಲ್ಲಿ ಉದುರಿ, ಮೂಗು ಕಿವಿಗಳ ಮೇಲೆ ಹುರುಕು ಕಂಡು, ಮನೆಯವರಿಗೂ ತುರಿಕೆ ಅಥವಾ ಉಂಗುರಾಕಾರದ ಗಜಕರ್ಣ ಹತ್ತಿದ್ದರೆ ಇಬ್ಬರಿಗೂ ಏಕಕಾಲಕ್ಕೆ ಚಿಕಿತ್ಸೆ ಆಗಬೇಕು. ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಬೆರೆತ ಮುಲಾಮು ಗಜಕರ್ಣವನ್ನು ಮುಚ್ಚಿಟ್ಟು ಬೆಳೆಸುತ್ತದೆ.

ಕಬ್ಬಿನ ಗದ್ದೆಯ ಮೊಲದ ಮರಿ

ನಮ್ಮ ಭಾಗಕ್ಕೇ ವಿಶೇಷವಾದ ಒಂದು ಮಾತು. ಕಬ್ಬು ಕಡಿಯುವ ಕಾಲದಲ್ಲಿ ಗದ್ದೆಯಲ್ಲಿ ಕಾಡು ಮೊಲದ ಮರಿಗಳು ಸಿಗುತ್ತವೆ. 'ತಾಯಿ ಬಿಟ್ಟುಹೋಗೇತಿ' ಎಂದು ಮರುಕದಿಂದ ಮನೆಗೆ ತರುತ್ತಾರೆ. ಸಾಕು ಮೊಲದ ಮರಿ ಕಣ್ಣು ಮುಚ್ಚಿ, ಕೂದಲಿಲ್ಲದೆ ಹುಟ್ಟಿದರೆ ಕಾಡು ಮೊಲದ ಮರಿ ಕಣ್ಣು ತೆರೆದು, ಮೈತುಂಬ ಕೂದಲಿನೊಂದಿಗೆ ಹುಟ್ಟುತ್ತದೆ. ತಾಯಿ ಹಗಲೆಲ್ಲ ದೂರವಿದ್ದು ಕತ್ತಲಾದ ಮೇಲೆ ಸ್ವಲ್ಪ ಹೊತ್ತು ಬಂದು ಹಾಲೂಡಿಸುತ್ತದೆ. ಒಂಟಿಯಾಗಿ ಕಂಡ ಮರಿ ಅನಾಥವಲ್ಲ. ಇವನ್ನು ಹಿಡಿದರೆ ಒದ್ದಾಡಿ ಬೆನ್ನು ಮುರಿದುಕೊಳ್ಳುತ್ತವೆ, ಇಲ್ಲವೇ ಬೆದರಿಕೆಯಿಂದಲೇ ಸಾಯುತ್ತವೆ. ಕಾಡು ಮೊಲಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ. ಕಂಡಲ್ಲೇ ಬದುವಿನ ಪೊದೆಗೆ ಸರಿಸಿ ದೂರ ಹೋಗಿರಿ. ಗಾಯಗೊಂಡಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ಮನುಷ್ಯ ಬಿದ್ದಾಗಲೂ ಇದೇ ಪಾಠ

ಕಬ್ಬಿನ ಲೋಡಿನ ಮೇಲಿಂದ, ಮಾಳಿಗೆಯಿಂದ, ತೆಂಗಿನ ಮರದಿಂದ ಬಿದ್ದವರನ್ನು ನಾಲ್ಕು ಜನ ಕೈಕಾಲು ಹಿಡಿದು ಎತ್ತಿ, ಕಂಬಳಿಯ ಜೋಲಿಯಲ್ಲೋ ನುಲಿ ಹೊರಸಿನಲ್ಲೋ ಹಾಕಿ ತರುವುದನ್ನು ನೀವೂ ನೋಡಿರಬಹುದು. ನಡು ಜೋಲು ಬಿದ್ದಂತೆಲ್ಲ ಮುರಿದ ಎಲುಬು ಬೆನ್ನುಹುರಿಯನ್ನು ಕೊರೆಯುತ್ತದೆ. ಬಿದ್ದಾಗ ಕಾಲು ಆಡಿಸುತ್ತಿದ್ದವರು ಆಸ್ಪತ್ರೆಗೆ ಬರುವಷ್ಟರಲ್ಲಿ ಆಡಿಸದಂತಾದರೆ ಅದಕ್ಕಿಂತ ದೊಡ್ಡ ಹಾನಿ ಯಾವುದು?

ಎತ್ತರದಿಂದ ಬಿದ್ದವರನ್ನು ಕೂಡಿಸಬೇಡಿ, ನಿಲ್ಲಿಸಬೇಡಿ. ಉಸಿರಾಟ ನೋಡಿ, ರಕ್ತ ಸೋರುತ್ತಿದ್ದರೆ ಒತ್ತಿ ಹಿಡಿಯಿರಿ, 108ಕ್ಕೆ ಕರೆ ಮಾಡಿ. ಒಬ್ಬರು ತಲೆಯ ಎರಡೂ ಪಕ್ಕ ಕೈಯಿಟ್ಟು ಕುತ್ತಿಗೆ ಅಲುಗಾಡದಂತೆ ನೋಡಿಕೊಳ್ಳಲಿ. ಸಾಗಿಸಲೇಬೇಕಾದರೆ ನಾಲ್ವರು ಸೇರಿ ಮರದ ದಿಮ್ಮಿಯಂತೆ ಒಂದೇ ಸಲಕ್ಕೆ ಹೊರಳಿಸಿ ಗಟ್ಟಿ ಹಲಗೆಯ ಮೇಲೆ ಮಲಗಿಸಿ. ಕಾಗವಾಡದವರು ಮಿರಜಿಗೆ, ನಿಪ್ಪಾಣಿಯವರು ಕೊಲ್ಲಾಪುರಕ್ಕೆ, ಉಳಿದವರು ಬೆಳಗಾವಿಗೆ ಓಡುತ್ತಾರೆ. ಆ ದಾರಿಯಲ್ಲಿ ವೇಗಕ್ಕಿಂತ ಅಲುಗಾಡದಿರುವುದು ಮುಖ್ಯ.

ಮೊಲದ ಬೆನ್ನಟ್ಟಿ ಮೆಟ್ಟಿಲಿನಿಂದ ಬಿದ್ದ ಮಗುವಿನ ತಲೆಗೆ ಪೆಟ್ಟಾಗಿದ್ದರೆ ಒಂದು ದಿನ ಗಮನಿಸಿ. ಪದೇ ಪದೇ ವಾಂತಿ, ಹೆಚ್ಚುತ್ತಿರುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕಿವಿ ಮೂಗಿನಿಂದ ರಕ್ತ ಅಥವಾ ನೀರಿನಂಥ ದ್ರವ, ಕೈಕಾಲು ಸೋಲು, ತೊದಲು ಮಾತು ಇವುಗಳಲ್ಲಿ ಯಾವುದು ಕಂಡರೂ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಒಂದು ವರ್ಷದೊಳಗಿನ ಕೂಸಾದರೆ ಲಕ್ಷಣಗಳಿಗಾಗಿ ಕಾಯದೆ ತೋರಿಸಿ.

ಮಗುವಿಗೆ ಏನು ಹೇಳಬೇಕು?

ಆ ಮೊಲ ಮೂರನೆಯ ದಿನ ತೀರಿಕೊಂಡಿತು. ವಾರದ ನಂತರ ಗಾಯ ತೋರಿಸಲು ಬಂದ ಹುಡುಗಿಯ ಕೈ ಚೆನ್ನಾಗಿ ಮಾಗಿತ್ತು. ಆದರೆ ಆಕೆ ಊಟ ಸರಿಯಾಗಿ ಮಾಡುತ್ತಿಲ್ಲ, ರಾತ್ರಿ ಎದ್ದು ಕೂಡುತ್ತಾಳೆ ಎಂದು ತಾಯಿ ಹೇಳಿದರು. 'ನೀನೇ ಕೆಡವಿ ಕೊಂದಿ' ಎಂದು ಮನೆಯಲ್ಲಿ ಯಾರೋ ಅಂದಿದ್ದರಂತೆ.

ಓದುಗರೇ, ಇಂಥ ಮಾತು ಆಡಬೇಡಿ. ಸಾಕುಪ್ರಾಣಿಯ ಸಾವು ಅನೇಕ ಮಕ್ಕಳು ಕಾಣುವ ಮೊದಲ ಸಾವು. 'ಎಲ್ಲೋ ಓಡಿಹೋಯಿತು' ಎಂದು ಸುಳ್ಳು ಹೇಳುವುದೂ ಬೇಡ, ಮರುದಿನವೇ ಇನ್ನೊಂದು ಮೊಲ ತಂದು ಬಾಯಿ ಮುಚ್ಚಿಸುವುದೂ ಬೇಡ. ನಡೆದದ್ದನ್ನು ನಡೆದಂತೆ ಹೇಳಿ, ಅಳಲು ಬಿಡಿ. ನಿದ್ದೆ, ಊಟಗಳ ತೊಂದರೆ ಎರಡು ಮೂರು ವಾರ ಕಳೆದರೂ ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ನಾನು ಆ ಹುಡುಗಿಗೆ ಹೇಳಿದ್ದು ಇಷ್ಟೇ: 'ಅದು ನಾಯಿಗೆ ಹೆದರಿ ಜಿಗಿಯಿತವ್ವ. ಹೆಂಗ ಹಿಡಿಬೇಕಂತ ನಿನಗ ಯಾರೂ ಕಲಿಸಿರಲಿಲ್ಲ. ಅದು ದೊಡ್ಡವರ ತಪ್ಪು, ನಿಂದಲ್ಲ.' ಪಕ್ಕದಲ್ಲಿ ಕುಳಿತ ತಂದೆ ತಲೆಯಾಡಿಸಿದರು. ಮತ್ತೆ ಮೊಲ ತರುವುದಾದರೆ ಮೊದಲು ಹಿಡಿಯುವುದನ್ನು ಕಲಿಯುತ್ತೇನೆ ಎಂದು ಆಕೆ ಅಂದಳು. ಮೇಜಿನ ಮೇಲಿದ್ದ ಟವೆಲನ್ನು ಸುತ್ತಿ ಮೊಲದಂತೆ ಮಾಡಿಕೊಟ್ಟೆ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗಕ್ಕೆ. ನೆಲದ ಮೇಲೆ ಕುಳಿತೇ ಆಕೆ ಅದನ್ನು ಸರಿಯಾಗಿ ಎತ್ತಿದಳು.

ನಿಮ್ಮ ಮನೆಯಲ್ಲೂ ಮೊಲ ತರುವ ಮುನ್ನ ಈ ಟವೆಲಿನ ಪಾಠ ಮೊದಲಾಗಲಿ.